ಒಂದು ಒಲೆ, ಒಂದು ಮನೆ

ಮೊಳಕಾಲ್ಮೂರು
೧೨ ಜೂನ್ ೨೦೦೪

ಮಗಳು ಸಾನಿಯಾಗೆ,

ನಿನ್ನ ಕಾಗದ ಬಂದು ವಾರದ ಮೇಲಾಯಿತು. “ಚಾಚಾ, ನಿಮ್ಮೂರಲ್ಲಿ ಮನೆ ಅಂದರೆ ಏನು?” ಅಂತ ಕೇಳಿದ್ದೀಯ. ಮೊದಲು ನಗು ಬಂತು. ಎಂ.ಸಿ.ಎ. ಓದಿದ ಹುಡುಗಿಗೆ ಮನೆ ಗೊತ್ತಿಲ್ಲವಾ ಅಂತ. ಆಮೇಲೆ ಕೂತು ಯೋಚಿಸಿದೆ. ಯೋಚಿಸಿದಷ್ಟೂ ಗೊತ್ತಿದ್ದದ್ದೇ ಗೊತ್ತಿಲ್ಲದಂತಾಯಿತು.

ನಿಮ್ಮ ಸರ್ಕಾರಿ ಕಂಪ್ಯೂಟರ್ ಪ್ರಾಜೆಕ್ಟಿಗೆ ಆಂಟಾಲಜಿ ಬೇಕು ಅಂತ ಬರೆದಿದ್ದೀಯಲ್ಲ, ಆ ಪದ ನನಗೆ ಹೊಸದಲ್ಲ ಕಣಮ್ಮ. ಚಿತ್ರದುರ್ಗದಲ್ಲಿ ನಾನು ಬಿ.ಎ. ಎರಡು ವರ್ಷ ಓದಿದವನು. ಲಾಜಿಕ್ ಮೇಷ್ಟ್ರು ಒಂದು ದಿನ ಅದನ್ನ ಬೋರ್ಡಿನ ಮೇಲೆ ಬರೆದು “ಸೈನ್ಸ್ ಆಫ್ ಬೀಯಿಂಗ್” ಅಂದರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಬೆಲ್ಲಿನಿಂದ ಆಚೆಯದು ಈವತ್ತಿಗೂ ಗೊತ್ತಿಲ್ಲ. ನಿನ್ನ ಅಪ್ಪ ಶರೀಫ್ ಸಾಬ್‌ಗೆ ಹೇಳು, ಬಸ್‌ಸ್ಟ್ಯಾಂಡಿನ ಟೈಮ್‌ಕೀಪರ್ ತೋಟಪ್ಪನಿಗೂ ಈಗ ಸರ್ಕಾರದವರು ಪ್ರಶ್ನೆ ಕೇಳ್ತಾರೆ ಅಂತ. ಅವನು ಬಸ್ಸಿನಡಿ ಮಲಗಿ ಗ್ರೀಸ್ ಬಳಿಯುವಾಗ ನಾನು ಮೇಲೆ ನಿಂತು ವಿಸಿಲ್ ಊದುತ್ತಿದ್ದೆ. ಸೊಂಟದ ಮೂಳೆ ಈಗ ಹೇಗಿದೆ? ಅವನನ್ನ ಬಿಟ್ಟು ನೀನು ಚಳ್ಳಕೆರೆಯಿಂದ ಬರೋಕಾಗಲ್ಲ, ನಿಜ. ಕಾಗದದಲ್ಲೇ ಕೇಳು. ನನಗೂ ಬರೆಯೋಕೆ ಯಾರೂ ಇಲ್ಲ.

ಈಗ ಮನೆ. ನಾಲ್ಕು ಗೋಡೆ ಅಂತ ಬರೆಯೋಣ ಅಂದರೆ ನಮ್ಮ ಓಣಿಯಲ್ಲಿ ಒಂದೇ ತೊಲೆಯ ಕೆಳಗೆ ಮೂರು ಅಣ್ಣತಮ್ಮಂದಿರು ಬೇರೆ ಬೇರೆ ಇದ್ದಾರೆ. ಯಜಮಾನ ಇದ್ದದ್ದು ಮನೆ ಅನ್ನೋಣ ಅಂದರೆ ಗಂಡ ಸತ್ತವರದ್ದು ಮನೆಯಲ್ಲವಾ? ಕೊನೆಗೆ ನಮ್ಮವ್ವ ಹೇಳುತ್ತಿದ್ದದ್ದೇ ಸರಿ ಅನ್ನಿಸಿತು. ಒಂದು ಒಲೆ, ಒಂದು ಮನೆ. ಅಣ್ಣತಮ್ಮಂದಿರು ಭಾಗವಾದರೆ ನಾವು ಆಸ್ತಿ ಹಂಚಿಕೊಂಡರು ಅನ್ನೋದಿಲ್ಲ, ಒಲೆ ಬೇರೆ ಹೂಡಿದರು ಅಂತೀವಿ. ಅವ್ವ ಇನ್ನೂ ಒಂದು ಮಾತು ಸೇರಿಸೋಳು: “ಸಾರು ಓಣಿಯದು, ಮುದ್ದೆ ಮನೇದು.” ಸಾರು ಯಾರ ಮನೆಯಿಂದಲೂ ಬರಬಹುದು, ಕೊಡಬಹುದು. ಮುದ್ದೆ ತೊಳಸೋದು ಮಾತ್ರ ನಮ್ಮ ಒಲೆ ಮೇಲೆ.

ಇದು ನಿನ್ನ ಯಂತ್ರಕ್ಕೆ ಸಾಕಾಗುತ್ತೋ ಇಲ್ಲವೋ.

ಇಂತಿ ಆಶೀರ್ವಾದಗಳೊಂದಿಗೆ,
ತೋಟಪ್ಪ ಚಾಚಾ


ಚಳ್ಳಕೆರೆ
೩ ಜುಲೈ ೨೦೦೪

ತೋಟಪ್ಪ ಚಾಚಾ,

ಸಾಕಾಗೋದು ಮಾತ್ರ ಅಲ್ಲ, ಬೇಕಾದ್ದೇ ಅದು. ನಿಮ್ಮ ಕಾಗದ ಓದಿ ನಮ್ಮ ಪ್ರಾಜೆಕ್ಟಿನವರು ಚಪ್ಪಾಳೆ ತಟ್ಟಿದರು.

ಬೆಲ್ ಹೊಡೆದ ಮೇಲಿನದು ಗೊತ್ತಿಲ್ಲ ಅಂದಿರಲ್ಲ, ನನಗೆ ತಿಳಿದಷ್ಟು ಹೇಳ್ತೀನಿ. ನೇಕಾರರ ಸೊಸೈಟಿಯಲ್ಲಿ ಒಂದು ಕಂಪ್ಯೂಟರ್ ಇದೆ, ರೇಷನ್ ಆಫೀಸಿನಲ್ಲಿ ಒಂದು, ಮನೆ ಮಂಜೂರು ಮಾಡೋರ ಹತ್ತಿರ ಒಂದು. ಮೂರಕ್ಕೂ ತಂತಿ ಎಳೆದು ಸೇರಿಸೋದು ಸುಲಭ. ಆದರೆ ಒಬ್ಬರಿಗೆ ‘ಮನೆ’ ಅಂದರೆ ಮಗ್ಗ ಇರೋ ಜಾಗ, ಇನ್ನೊಬ್ಬರಿಗೆ ‘ಮನೆ’ ಅಂದರೆ ರೇಷನ್ ಕಾರ್ಡು, ಮತ್ತೊಬ್ಬರಿಗೆ ‘ಮನೆ’ ಅಂದರೆ ಛಾವಣಿ. ಮೂವರೂ ಮಾತಾಡ್ತಾರೆ, ಒಬ್ಬರದು ಒಬ್ಬರಿಗೆ ಅರ್ಥವಾಗಲ್ಲ. ಅದಕ್ಕೇ ನಾವು ಮೊದಲು ಅರ್ಥಗಳನ್ನೇ ಬರೆದಿಡ್ತೀವಿ. ಮನೆ ಅಂದರೆ ಇದು, ನೇಕಾರ ಅಂದರೆ ಇಂಥವರು, ಇವರಿಗೂ ಅವರಿಗೂ ಈ ಸಂಬಂಧ ಅಂತ. ಪ್ರತಿ ಸಂಬಂಧ ಒಂದು ಗೆರೆ. ಗೆರೆಗೆ ಒಂದು ಹೆಸರು. ಇಷ್ಟು ಕೊಟ್ಟರೆ ನಾವು ಹೇಳದೇ ಇದ್ದದ್ದನ್ನೂ ಯಂತ್ರ ತಾನೇ ಊಹಿಸಿ ಹೇಳುತ್ತೆ.

ನಿಮ್ಮ ಮುದ್ದೆಯ ಮಾತನ್ನ ಸರ್ವೆಯ ಪ್ರಶ್ನೆಯಾಗಿ ಹಾಕಿದ್ದೀನಿ. ಎರಡೂ ತಾಲ್ಲೂಕಿನಲ್ಲಿ ಮನೆ ಮನೆಗೂ ಕೇಳ್ತಾರೆ.

ಅಬ್ಬಾ ಕೋಲು ಹಿಡಿದು ಬಾಗಿಲವರೆಗೆ ನಡೀತಾರೆ. “ಆ ತೋಟನ ವಿಸಿಲ್ ಕೇಳಿ ಹೊರಟ ಬಸ್ ಒಂದಾದರೂ ಟೈಮಿಗೆ ಹೋಗಿತ್ತಾ ಕೇಳು” ಅಂದರು.

ನಿಮ್ಮ,
ಸಾನಿಯಾ


ಮೊಳಕಾಲ್ಮೂರು
೯ ಅಕ್ಟೋಬರ್ ೨೦೦೪

ಮಗಳೇ,

ನಿನ್ನೆ ಸರ್ವೆಗೆ ಒಬ್ಬ ಮೇಷ್ಟ್ರು ಬಂದಿದ್ದರು. ಬಾಗಿಲಲ್ಲಿ ನಿಂತು ಕನ್ನಡಕ ಸರಿ ಮಾಡಿಕೊಂಡು, “ಯಜಮಾನ್ರೇ, ನಿಮ್ಮದು ಮುದ್ದೆ ತೊಳಸೋದು ಯಾವ ಒಲೆ ಮೇಲೆ?” ಅಂದರು. ನಮ್ಮವ್ವ ಸತ್ತು ಎಷ್ಟು ಕಾಲವಾಯಿತು! ಅವಳ ಮಾತು ಸರ್ಕಾರದ ಬಾಯಿಂದ ಬಂತು. ಕಣ್ಣಲ್ಲಿ ನೀರೇ ಬಂತು ಕಣಮ್ಮ. ಆ ಮೇಷ್ಟ್ರು ಏನು ತಿಳಿದರೋ.

ನಾನು ನಿಜವನ್ನೇ ಹೇಳಿದೆ. ನಿನಗೂ ಹೇಳಬೇಕು, ನೀನು ನಮ್ಮ ಮನೆ ನೋಡಿಲ್ಲ. ನನ್ನ ಹೆಂಡತಿ ಮಂಜಮ್ಮ ತೀರಿಕೊಂಡ ಮೇಲೆ ನನ್ನ ಒಲೆ ಹೊತ್ತಿಲ್ಲ. ಟೈಮ್‌ಕೀಪರ್‌ಗೆ ಹೊತ್ತು ಗೊತ್ತು, ಉಪ್ಪು ಗೊತ್ತಿಲ್ಲ. ಪಕ್ಕದ ಮನೆ ಗೀತಮ್ಮ ವಿಧವೆ. ಒಳ್ಳೇ ನೇಕಾರಳು, ಆದರೆ ಸ್ವಂತ ಮಗ್ಗವಿಲ್ಲ. ನಮ್ಮ ನಡುಮನೆಯಲ್ಲಿ ಮಂಜಮ್ಮನ ಮಗ್ಗ ಸುಮ್ಮನೆ ನಿಂತಿತ್ತು. ಹಾಗಾಗಿ ಗೀತಮ್ಮ ಹಗಲು ನಮ್ಮನೆಗೆ ಬಂದು ನೇಯ್ತಾಳೆ, ನಾನು ಎರಡು ಹೊತ್ತು ಅವಳ ಮನೆಗೆ ಹೋಗಿ ಉಣ್ತೀನಿ. ಯಾರೂ ಕೂತು ಮಾತಾಡಿ ಮಾಡಿಕೊಂಡ ಒಪ್ಪಂದವಲ್ಲ. ಹಾಗೇ ಆಯಿತು.

ಅವಳು ಮೊದಲ ದಿನ ಮಗ್ಗಕ್ಕೆ ಕೂತದ್ದು ಹೇಳ್ತೀನಿ. ಹಳೇ ಸೀರೆ ಮಗ್ಗದಿಂದ ಕೊಯ್ದ ಮೇಲೂ ಹಣಿಗೆಯಲ್ಲಿ, ಅಂದರೆ ಎಳೆಗಳನ್ನ ಬಾಚಣಿಗೆ ಥರಾ ಹಿಡಿಯೋ ಚೌಕಟ್ಟಿನಲ್ಲಿ, ಹಳೇ ಎಳೆಗಳ ತುದಿ ಬಿಟ್ಟಿರ್ತಾರೆ, ಪೂರ್ತಿ ತೆಗೆಯಲ್ಲ. ಹೊಸ ಎಳೆಯನ್ನ ಅದಕ್ಕೇ ಒಂದೊಂದಾಗಿ ಹೊಸೆದು ಸೇರಿಸಬೇಕು, ಇಲ್ಲದಿದ್ದರೆ ಮಗ್ಗ ಮತ್ತೆ ಮೊದಲಿಂದ. ಮಂಜಮ್ಮ ಬಿಟ್ಟು ಹೋಗಿದ್ದ ತುದಿಗಳು ಹಾಗೇ ಇದ್ದವು. ಗೀತಮ್ಮ ಎಳೆ ಜಾರದ ಹಾಗೆ ಬೆರಳಿಗೆ ತನ್ನ ಮನೆ ಒಲೆಯ ಬೂದಿ ಸವರಿಕೊಂಡು ಹೊಸೆಯುತ್ತಾ ಕೂತಳು. ನಾನು ಹೊರಗೆ ಜಗಲಿಗೆ ಎದ್ದು ಹೋದೆ.

ನಿನ್ನ ಮೂರು ಕಂಪ್ಯೂಟರ್ ಸೇರಿಸೋದೂ ಹೀಗೆಯಾ? ಹೀಗೇ ಇರಬೇಕು ಅಂತ ತಿಳಿದಿದ್ದೀನಿ. ತಪ್ಪಿದ್ದರೆ ತಿದ್ದು. ಗೆರೆ, ಹೆಸರು, ಊಹೆ ಎಲ್ಲಾ ತಲೆಯಲ್ಲಿ ದೇವಸಮುದ್ರದ ಕುರಿಮಂದೆ ಥರಾ ಒಂದರ ಮೇಲೊಂದು ಹತ್ತುತ್ತಿವೆ.

ಮಗ್ಗ ಇಲ್ಲದ ವಿಧವೆಯರಿಗೆ ಸರ್ಕಾರ ಕೊಡೋ ಮಗ್ಗದ ಮನೆಗೆ ಗೀತಮ್ಮ ಅರ್ಜಿ ಹಾಕಿದ್ದಾಳೆ. ಸ್ವಂತ ಮಗ್ಗ, ಅದನ್ನ ಹೂಡೋಕೆ ಮನೆಗೆ ಸೇರಿದ ಹಾಗೆ ಒಂದು ಅಂಕಣ. ಈಗ ಅವಳು ನೇಯ್ದ ಸೀರೆ ಸೊಸೈಟಿಗೆ ನನ್ನ ಹೆಸರಲ್ಲಿ ಹೋಗುತ್ತೆ, ಮಗ್ಗ ನನ್ನದಲ್ವಾ. ಹುಟ್ಟಿದಾಗಿಂದ ನೇಯ್ದಿದ್ದಾಳೆ, ಒಂದು ಸೀರೆಗೂ ಅವಳ ಹೆಸರಿಲ್ಲ. ಈ ಸಲ ಬರುತ್ತೆ ಅಂತಾಳೆ.

ನಿನ್ನ ಚಾಚಾ,
ತೋಟಪ್ಪ


ಮೊಳಕಾಲ್ಮೂರು
೧೮ ಡಿಸೆಂಬರ್ ೨೦೦೪

ಸಾನಿಯಾ,

ಗೀತಮ್ಮನ ಅರ್ಜಿ ವಾಪಸ್ ಬಂತು.

ಸೊಸೈಟಿಗೆ ಅವಳ ಜೊತೆ ನಾನೂ ಹೋಗಿದ್ದೆ, ಅದೇ ತಪ್ಪಾಯಿತೇನೋ. ಗುಮಾಸ್ತ ಬಾಲರಾಜು ಕಂಪ್ಯೂಟರ್ ಪರದೆ ನೋಡಿ, “ನಿಮ್ಮ ಮನೇಲಿ ಆಗಲೇ ಮಗ್ಗ ಐತಲ್ಲಮ್ಮ” ಅಂದ. ಇವಳು, “ನಮ್ಮನೇಲಿ ಮಗ್ಗ ಎಲ್ಲೈತಪ್ಪ? ಬಾ ತೋರಿಸ್ತೀನಿ, ಕಂಬ ಹೂಳೋಕೂ ಜಾಗ ಇಲ್ಲ” ಅಂದಳು. ಅವನು ನನ್ನ ಕಡೆ ನೋಡಿ ಹಲ್ಲು ಕಿಸಿದ. “ಇಲ್ಲಿ ಐತೆ ನೋಡಿ, ತೋಟಪ್ಪ, ಗೀತಮ್ಮ, ಒಂದೇ ಮನೆ. ಯಜಮಾನರನ್ನ ಜೊತೇಲೇ ಕರ್ಕೊಂಡು ಬಂದು ಇಲ್ಲ ಅಂತೀರಲ್ಲ.”

ಅಲ್ಲಿ ನೂಲು ತೂಗಿಸಿಕೊಳ್ಳೋಕೆ ನಿಂತಿದ್ದ ಹೆಂಗಸರೆಲ್ಲ ಕೇಳಿದರು. ಒಬ್ಬಳು ತೆಲುಗಿನಲ್ಲಿ “ಪೆಂಡ್ಲಿ ಎಪ್ಪುಡಯ್ಯಾ?” ಅಂದಳು. ಮದುವೆ ಯಾವಾಗ ಅಂತ. ಎಲ್ಲಾ ನಕ್ಕರು. ಗೀತಮ್ಮ ಸೆರಗು ಬಿಗಿದುಕೊಂಡು ನಡೆದುಬಿಟ್ಟಳು. ನಾನು ಹಿಂದೆ ಹಿಂದೆ ಹೋದರೆ, “ದೂರ ಬರ್ರಿ” ಅಂದಳು.

ಈಗ ನೇಯೋಕೆ ಬರೋದಿಲ್ಲ. ಅರ್ಧ ಸೀರೆ ಮಗ್ಗದ ಮೇಲೇ ಇದೆ. ಊಟ ಹಾಕ್ತಾಳೆ, ತಟ್ಟೆ ಸದ್ದಾಗೋ ಹಾಗೆ ಇಡ್ತಾಳೆ.

ನಾನು ಯಾರಿಗೂ ಹಾಗೆ ಹೇಳಿಲ್ಲ. ನೀನೂ ಬರೆದಿರೋದಿಲ್ಲ. ಹಾಗಾದರೆ ಯಾರು ಬರೆದರು?

ತೋಟಪ್ಪ


ಚಳ್ಳಕೆರೆ
೧೧ ಜನವರಿ ೨೦೦೫

ಚಾಚಾ,

ಯಾರೂ ಬರೆದಿಲ್ಲ. ಇದನ್ನ ಹೇಗೆ ಹೇಳಲಿ ಅಂತ ಎರಡು ಕಾಗದ ಹರಿದು ಹಾಕಿದೆ.

ಯಂತ್ರಕ್ಕೆ ಗೊತ್ತಿದ್ದದ್ದು ಇಷ್ಟು. ಒಂದೇ ಒಲೆಯ ಮುದ್ದೆ ಉಣ್ಣೋರು ಒಂದೇ ಮನೆಯವರು. ತೋಟಪ್ಪ ಉಣ್ಣೋದು ಗೀತಮ್ಮನ ಒಲೆಯದು. ತೋಟಪ್ಪನ ಹೆಸರಲ್ಲಿ ಮಗ್ಗ ಇದೆ. ಅಲ್ಲಿಗೆ, ಗೀತಮ್ಮನ ಮನೆಯಲ್ಲಿ ಮಗ್ಗ ಇದೆ. ಮೊದಲ ಮಾತು ನಿಮ್ಮದು, ನಾನು ಹಾಕಿದ್ದು. ಎರಡನೇದು ನೀವೇ ಮೇಷ್ಟ್ರಿಗೆ ಹೇಳಿದ್ದು. ಎಲ್ಲಾ ನಿಜ. ಕೂಡಿಸಿದರೆ ಹೀಗಾಯಿತು.

ಆ ಮಾತನ್ನೇ ತೆಗೆದುಹಾಕೋಣ ಅಂತ ಯೋಚಿಸಿದೆ. ಆದರೆ ಚಾಚಾ, ತಳಕಿನಲ್ಲಿ, ದೇವಸಮುದ್ರದಲ್ಲಿ ಒಂದೇ ಛಾವಣಿ ಕೆಳಗೆ ಬೇರೆ ಒಲೆ ಹೂಡಿದವರಿಗೆ ಇದೇ ಮಾತಿನಿಂದ ಮೊದಲ ಸಲ ಬೇರೆ ಕಾರ್ಡು ಸಿಕ್ಕಿದೆ. ತೆಗೆದರೆ ಅವರೆಲ್ಲ ಮತ್ತೆ ಅಣ್ಣನ ಕಾರ್ಡಿನ ಕೆಳಗೆ ಹೋಗ್ತಾರೆ. ನಿಮ್ಮಿಬ್ಬರ ಹೆಸರು ಮಾತ್ರ ಅಳಿಸೋದು ನನ್ನ ಕೈಯಲ್ಲಿದೆ. ಅದು ಸುಳ್ಳಾಗುತ್ತೆ. ಅಬ್ಬಾನ ಕೇಳಿದೆ. “ಬ್ರೇಕ್ ಸರಿ ಇಲ್ಲ ಅಂತ ಗೊತ್ತಿದ್ದೂ ಒಂದು ಬಸ್ಸನ್ನ ಬಿಟ್ಟವನು ನಾಳೆ ಎಲ್ಲಾ ಬಸ್ಸನ್ನೂ ಬಿಡ್ತಾನೆ” ಅಂದರು.

ಇನ್ನೊಂದು ದಾರಿ ಇದೆ. ಬೇರೆಯವರ ಒಲೆಯಲ್ಲಿ ಉಣ್ಣೋರು ಯಾರು ಅಂತ ಗೆರೆಗೆ ಹೆಸರು ಕೊಡಬಹುದು. ನೆಂಟರು, ಕೂಲಿಯಾಳು, ದುಡ್ಡು ಕೊಟ್ಟು ಉಣ್ಣೋರು. ಹೆಸರಿದ್ದರೆ ಅವರನ್ನ ಮನೆಯವರು ಅಂತ ಲೆಕ್ಕ ಹಿಡಿಯಲ್ಲ. ಇದರಲ್ಲಿ ಯಾವುದೂ ಅಲ್ಲ ಅಂದರೆ, ನೀವೇ ಹೇಳಿ, ಹೊಸ ಹೆಸರು ಸೇರಿಸ್ತೀನಿ. ನೀವು ಗೀತಮ್ಮನವರಿಗೆ ಏನಾಗಬೇಕು?

ಯುಗಾದಿಗೆ ಮುಂಚೆ ಪಟ್ಟಿ ಮುಚ್ಚುತ್ತೆ. ಆಮೇಲೆ ಈ ಯೋಜನೆ ಮತ್ತೆ ಬರುತ್ತೋ ಇಲ್ಲವೋ ಗೊತ್ತಿಲ್ಲ.

ಸಾನಿಯಾ


ಮೊಳಕಾಲ್ಮೂರು
೨೦ ಫೆಬ್ರವರಿ ೨೦೦೫

ಮಗಳು ಸಾನಿಯಾಗೆ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯೋಕೆ ಕೂತರೆ ಪೆನ್ನು ಬೇರೆ ಏನೋ ಬರೆಯುತ್ತಿತ್ತು. ಹೋದ ವಾರ ಹಾಗೇ ಕೂತು ಹಳೇ ಬಸ್ಸುಗಳ ಹೊತ್ತು ಬರೆದುಬಿಟ್ಟಿದ್ದೆ, ರಾಯದುರ್ಗದ್ದು, ಬಳ್ಳಾರಿಯದು.

ಏನಾಗಬೇಕು ಅಂತ ಕೇಳಿದ್ದೀಯ. ನೆಂಟ ಅನ್ನೋಕೆ ಅವಳ ಕಡೆಯವರು ಬೇರೆ, ನಮ್ಮ ಕಡೆಯವರು ಬೇರೆ. ಕೂಲಿಯಾಳು ಅಂದರೆ ಯಾರು ಯಾರಿಗೆ? ಅವಳು ನನ್ನ ಮಗ್ಗಕ್ಕಾ, ನಾನು ಅವಳ ಮುದ್ದೆಗಾ? ದುಡ್ಡು ಕೊಟ್ಟು ಉಣ್ಣೋನು ಅಂತ ಬರೆದುಬಿಡೋಣ ಅಂತ ಒಂದು ಮಧ್ಯಾಹ್ನ ತಟ್ಟೆ ಪಕ್ಕ ದುಡ್ಡಿಟ್ಟೆ. ಅವಳು ಅದನ್ನ ಎತ್ತಿ ಬಚ್ಚಲ ಕಟ್ಟೆ ಮೇಲೆ ಇಟ್ಟಳು. ಈಗಲೂ ಅಲ್ಲೇ ನೆನೆಯುತ್ತಿದೆ.

ಕಾಲೇಜಿನಲ್ಲಿ ಮೇಷ್ಟ್ರು ಹೇಳೋರು, ಆಲ್ ಮೆನ್ ಆರ್ ಮಾರ್ಟಲ್, ಯಾರೋ ಒಬ್ಬ ಮ್ಯಾನ್, ದೇರ್‌ಫೋರ್ ಅವನು ಮಾರ್ಟಲ್. ಮಧ್ಯದ ಮಾತು ಸರಿಯಿಲ್ಲದಿದ್ದರೆ ಕೊನೇದು ಬಿದ್ದು ಹೋಗುತ್ತೆ, ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ಅನ್‌ಡಿಸ್ಟ್ರಿ ಏನೋ ಮಿಡಲ್. ನಿನ್ನ ಕಾಗದವನ್ನ ಹಾಗೆ ಮೂರು ಸಾಲು ಮಾಡಿ ಬರೆದು ನೋಡಿದೆ. ಮಧ್ಯದ್ದು ಗಟ್ಟಿಯಾಗೇ ಇದೆ. ತೋಟಪ್ಪ ಉಣ್ಣೋದು ಗೀತಮ್ಮನ ಒಲೆಯದು. ಯಾವ ಕಡೆ ತಳ್ಳಿದರೂ ಬೀಳಲ್ಲ.

ಕೊನೆಗೆ ಧೈರ್ಯ ಮಾಡಿ ಅವಳನ್ನೇ ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

“ಗೀತಮ್ಮ, ಆ ಹುಡುಗಿ ಕೇಳ್ತೈತೆ. ನಾನು ನಿನಗೆ ಏನಾಗಬೇಕು?”

“ಯಾವ ಹುಡುಗಿ? ಕಂಪ್ಯೂಟರಾ?”

“ಕಂಪ್ಯೂಟರೇ ಅನ್ಕೋ.”

“ಅದಕ್ಕೆ ಹೇಳ್ರಿ, ಸಾರು ಬಡಿಸಿದ್ದೆಲ್ಲ ಸಂಸಾರ ಅಲ್ಲ ಅಂತ.”

“ಸಂಸಾರ ಅಲ್ಲ ಅಂದ್ರೆ ಮತ್ತೇನು ಅಂತ ಕೇಳ್ತೈತೆ. ಏನೂ ಅಲ್ಲ ಅಂತ ಬರೀಲಾ?”

ಸುಲಿಯೋದು ನಿಂತಿತು. ನನ್ನ ಮುಖ ನೋಡಲಿಲ್ಲ. “ಬರೀರಿ, ನಿಮಗೆ ಬರೆಯೋಕೆ ಆದರೆ” ಅಂದಳು.

ನನಗೆ ಬರೆಯೋಕೆ ಆಗಲಿಲ್ಲ ಸಾನಿಯಾ. ಈ ಕಾಗದದಲ್ಲೂ ಆಗುತ್ತಿಲ್ಲ.

ಕಾಯೆಲ್ಲ ಸುಲಿದಾದ ಮೇಲೆ ಅವಳೇ, “ಅಷ್ಟು ಕಷ್ಟ ಯಾಕೆ. ನಿಮ್ಮ ಒಲೆ ನೀವು ಹೂಡ್ರಿ. ನನಗೆ ಮಗ್ಗ ಬರಲಿ” ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಇವತ್ತು ಬೆಳಿಗ್ಗೆ ಮಂಜಮ್ಮನ ಒಲೆ ಸಾರಿಸಿ ಹೊತ್ತಿಸಿದೆ. ಹಿಟ್ಟು ಹಾಕಿ ಕೋಲು ತಿರುವಿದರೆ ಗಂಟುಗಂಟು. ಒಳಗೆ ಹಸೀ ಹಿಟ್ಟು. ತಿಂದೆ. ನಿನ್ನ ಯಂತ್ರಕ್ಕೆ ಹೇಳು, ತೋಟಪ್ಪ ಉಣ್ಣೋದು ಈಗ ತೋಟಪ್ಪನ ಒಲೆಯದು. ಇದು ಸುಳ್ಳಲ್ಲ. ಬೇಕಾದರೆ ಮೇಷ್ಟ್ರನ್ನ ಮತ್ತೆ ಕಳಿಸು, ಉಳಿದಿದ್ದರೆ ಅವರಿಗೂ ಒಂದು ತುತ್ತು ಇಡ್ತೀನಿ, ಸಾಕ್ಷಿಗೆ.

ತೋಟಪ್ಪ


ಚಳ್ಳಕೆರೆ
೨೨ ಮಾರ್ಚ್ ೨೦೦೫

ಚಾಚಾ,

ಮೇಷ್ಟ್ರು ಬಂದು ನೋಡಿದ್ದನ್ನ ಬರೆದು ಕಳಿಸಿದ್ದಾರೆ. ‘ಒಲೆ ಬೇರೆ, ಮುದ್ದೆ ಕಲ್ಲು’ ಅಂತ ಅಂಚಿನಲ್ಲಿ ಅವರೇ ಸೇರಿಸಿದ್ದಾರೆ. ನೀವು ತುತ್ತು ಇಟ್ಟಿರಬೇಕು.

ಯಂತ್ರ ಈಗ ಎರಡು ಮನೆ ಅಂತ ಹೇಳುತ್ತೆ. ಗೀತಮ್ಮನವರ ಹೆಸರು ಪಟ್ಟಿಗೆ ಸೇರಿದೆ. ನಾನು ಏನನ್ನೂ ಅಳಿಸಲಿಲ್ಲ, ಏನನ್ನೂ ತಿದ್ದಲಿಲ್ಲ.

ಖುಷಿಯಾಗಬೇಕಿತ್ತು. ಆ ಪ್ರಶ್ನೆ ನಾನು ಹಾಗೆ ಕೇಳಬಾರದಿತ್ತು ಅಂತ ಅನ್ನಿಸುತ್ತೆ. ಅಬ್ಬಾ ನಿಮ್ಮ ಕಾಗದವನ್ನ ಎರಡು ಸಲ ಓದಿಸಿಕೊಂಡರು. ಆಮೇಲೆ, “ಅರೆ, ಆ ತೋಟ ಸರಿಯಾದ ಟೈಮಿಗೆ ವಿಸಿಲ್ ಊದಿದ್ದು ಇದೊಂದೇ ಸಲ” ಅಂದರು. ಬೈದರೋ ಹೊಗಳಿದರೋ ನನಗೂ ಗೊತ್ತಾಗಲಿಲ್ಲ.

ಸಾನಿಯಾ


ಮೊಳಕಾಲ್ಮೂರು
೧೯ ಆಗಸ್ಟ್ ೨೦೦೫

ಮಗಳೇ ಸಾನಿಯಾ,

ಗೀತಮ್ಮನ ಅಂಕಣ ಎದ್ದಿತು. ಶೀಟಿನ ಛಾವಣಿ, ಒಂದು ಕಿಟಕಿ. ಮೊನ್ನೆ ಮಗ್ಗವೂ ಬಂತು. ಸೊಸೈಟಿಯ ಪಟ್ಟಿಯಲ್ಲಿ ಅವಳ ಹೆಸರನ್ನ ಬಾಲರಾಜು ಓದಿದಾಗ, “ಇನ್ನೊಂದು ಸಲ ಓದಪ್ಪ, ಕಿವಿ ಸರಿ ಕೇಳಲ್ಲ” ಅಂದಳಂತೆ. ಅವಳ ಕಿವಿಗೆ ಏನೂ ಆಗಿಲ್ಲ.

ನಮ್ಮ ನಡುಮನೆಯಲ್ಲಿ ಈಗ ಸದ್ದಿಲ್ಲ. ಆ ಅರ್ಧ ಸೀರೆಯನ್ನ ಮುಗಿಸಿಕೊಟ್ಟು ಹೋದಳು. ನನ್ನ ಮುದ್ದೆಯಲ್ಲಿ ಗಂಟು ಕಡಿಮೆಯಾಗಿದೆ, ಇಲ್ಲವೆ ಹಲ್ಲಿಗೆ ಅಭ್ಯಾಸವಾಗಿದೆ. ಎರಡೂ ಇರಬಹುದು.

ನಿನ್ನೆ ನಡೆದದ್ದು ಬರೀತೀನಿ. ಬರೆಯಬೇಕೋ ಬೇಡವೋ, ಅದೂ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು, ಹೊಸ ಮಗ್ಗಕ್ಕೆ ಮಂಜಕ್ಕನ ಹಣಿಗೆ ಕೊಡ್ತೀರಾ ಅಂತ ಕೇಳಿದಳು. ಎಳೆಗಳ ತುದಿ ಹಾಗೇ ಇದ್ದರೆ ಅದಕ್ಕೇ ಸೇರಿಸಿಕೊಳ್ತೀನಿ, ಮೊದಲಿಂದ ತುಂಬೋಕೆ ಕಣ್ಣು ಸಾಲದು ಅಂದಳು. ನಾನೇ ಬಿಚ್ಚಿ, ಎಳೆ ಸಿಕ್ಕಾಗದ ಹಾಗೆ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಕೊಟ್ಟೆ. ಕೂಸನ್ನ ಕೊಟ್ಟ ಹಾಗೆ.

ಮಧ್ಯಾಹ್ನ ನಾನು ಮುದ್ದೆ ಇಳಿಸಿ, ಉಪ್ಪು ಹಾಕಿದೆನೋ ಇಲ್ಲವೋ ಅಂತ ಯೋಚಿಸುತ್ತಾ ಕೂತಿದ್ದೆ. ಎರಡು ಮನೆ ನಡುವಿನ ಮೋಟುಗೋಡೆ ಮೇಲಿಂದ ಒಂದು ಕೈ ಬಂತು. ಕೈಯಲ್ಲಿ ಬಟ್ಟಲು. ಹುರುಳಿ ಸಾರು.

“ಗೀತಮ್ಮ, ಆ ಯಂತ್ರ...” ಅಂದೆ.

“ಅದು ಕೇಳಿದ್ದು ಮುದ್ದೆ ತಾನೆ? ನಿಮ್ಮವ್ವನೇ ಹೇಳವ್ಳಂತಲ್ಲ, ಸಾರು ಓಣಿಯದು ಅಂತ. ತಗೊಳ್ರಿ, ಕೈ ಸುಡ್ತೈತೆ.”

ನಮ್ಮವ್ವನ ಮಾತು ನಾನೇ ನಿನಗೆ ಬರೆದದ್ದು. ನಾನೇ ಮರೆತಿದ್ದೆ. ಅವಳಿಗೆ ಯಾವಾಗ ಹೇಳಿದ್ದೆನೋ.

ಉಂಡೆ. ಬಟ್ಟಲು ತೊಳೆದೆ. ಆಮೇಲೆ ಕೈಯಲ್ಲಿ ಹಿಡಿದುಕೊಂಡು ಗೋಡೆ ಹತ್ತಿರ ನಿಂತೇ ಇದ್ದೆ. ಬಂದ ಪಾತ್ರೆಯನ್ನ ಬರಿದಾಗಿ ಕಳಿಸಬಾರದು, ಅದು ನಮ್ಮ ಕಡೆಯ ರೂಢಿ. ಮನೆಯಲ್ಲಿ ಹುಡುಕಿದರೆ ಕೊಡುವಂಥದ್ದು ಏನೂ ಇಲ್ಲ. ಬೆಲ್ಲಕ್ಕೆ ಇರುವೆ ಹತ್ತಿತ್ತು.

ಅವಳು ಆ ಕಡೆಯಿಂದ, “ಏನು ನಿಂತ್ರಿ?” ಅಂದಳು.

“ಬಟ್ಟಲಿಗೆ ಹಾಕೋಕೆ ಏನೂ ಇಲ್ಲ ಗೀತಮ್ಮ.”

ಆ ಕಡೆ ಹಣಿಗೆ ಸರಿಸಿದ ಸದ್ದಾಯಿತು. ಆಮೇಲೆ, “ನಿಮ್ಮ ಒಲೇಲಿ ಬೂದಿ ಐತಾ? ಎಳೆ ಹೊಸೆಯೋಕೆ ಬೇಕು” ಅಂದಳು.

ಅವಳ ಒಲೆ ಒಂದು ದಿನವೂ ಆರಿದ್ದಲ್ಲ ಸಾನಿಯಾ. ಅಲ್ಲಿ ಬೂದಿ ಇಲ್ಲವಾ ಅಂತ ನಾನು ಕೇಳಲಿಲ್ಲ. ಆರಿದ ಬೂದಿಯನ್ನ ಜರಡಿ ಹಿಡಿದು, ಬಟ್ಟಲು ತುಂಬಿಸಿ, ಗೋಡೆ ಮೇಲಿಟ್ಟೆ.

ಸಂಜೆಯವರೆಗೂ ಎಳೆ ಸೇರಿಸುತ್ತಾ ಕೂತಿದ್ದಳು. ನಾನು ಜಗಲಿಗೆ ಹೋಗಲಿಲ್ಲ. ಗೋಡೆಯ ಈ ಕಡೆ ಕೂತಿದ್ದೆ.

ಇದನ್ನ ನಿನಗೆ ಬರೆದಿದ್ದೀನಿ, ಆಫೀಸಿಗಲ್ಲ. ಗೆರೆ ಎಳೆಯಬೇಡ.

ಶರೀಫನಿಗೆ ಸಲಾಂ ಹೇಳು.

ನಿನ್ನ ಚಾಚಾ,
ತೋಟಪ್ಪ